ಹನ್ನೊಂದನೆಯ ದಿನದ ಗೆಂಡೆ

30 ಮಾರ್ಚ್ 1958, ಭಾನುವಾರ

ಲಿಂಗಾಂಬುಧಿ ಕೆರೆ. ಬೆಳಿಗ್ಗೆ ಆರರಿಂದ ಹತ್ತು. ಮೂರು ಗೆಂಡೆ ಮೀನು. ಎರಡು ನನ್ನ ಕೋಲಿಗೆ, ಒಂದು ಸಿದ್ದರಾಜುವಿನದಕ್ಕೆ. ಬಿಸಿಲೇರಿದ ಮೇಲೆ ಬೆಂಡು ಅಲುಗಲಿಲ್ಲ. ಗಾಳದಿಂದ ಬಿಡಿಸಿದವನೂ ಅವನೇ, ಮನೆಗೆ ಒಯ್ದವನೂ ಅವನೇ. ನಾನು ಕೋಲು ಹಿಡಿಯುತ್ತೇನೆ, ಮೀನು ಮುಟ್ಟುವುದಿಲ್ಲ. ಒಂಬತ್ತು ಬೇಸಿಗೆಯಿಂದ ಇದೇ ಒಪ್ಪಂದ. ಅಷ್ಟಾದರೂ ಹಿತ್ತಲಲ್ಲಿ ಸ್ನಾನ ಮಾಡದೆ ಹೆಂಡತಿ ನಾಗಮಣಿ ಒಳಗೆ ಬಿಡುವುದಿಲ್ಲ. "ಕೊಲ್ಲೋದು ನೀವು, ತಿನ್ನೋದು ಅವರು. ಇದ್ಯಾವ ಮಡಿ, ರೀ?" ಅನ್ನುತ್ತಾಳೆ.

ಜೂನ್‌ನಲ್ಲಿ ಮದರಾಸಿಗೆ ಹೋಗೋಣ ಎನ್ನುತ್ತಾನೆ ಸಿದ್ದರಾಜು. ರೈಲ್ವೆ ವರ್ಕ್‌ಷಾಪಿನವನು, ಪಾಸ್ ಇದೆ. "ಸಮುದ್ರಕ್ಕೆ ಒಂದ್ಸಲ ಗಾಳ ಹಾಕ್ಬೇಕು ಸ್ವಾಮಿ. ಉಪ್ಪುನೀರ್ ಮೀನು ಎಂಗೆ ಎಳೀತದೋ ನೋಡ್ಬೇಕು." ಹೂಂ ಅಂದೆ. ನನಗೂ ಆಸೆಯೇ.

13 ಏಪ್ರಿಲ್, ಭಾನುವಾರ

ಎರಡು ಸೇರಾದರೂ ತೂಗುವ ಗೆಂಡೆ — ನನ್ನ ಕೋಲಿಗೆ. ರಾಗಿ ಹಿಟ್ಟಿನ ಉಂಡೆಯನ್ನು ಪೂರ್ತಿ ನುಂಗಿತ್ತು. ಗಾಳ ಗಂಟಲಲ್ಲಿ. ಸಿದ್ದರಾಜು ಒಬ್ಬನೇ ಹೆಣಗಿದ. "ಸ್ವಾಮಿ, ಒಂದ್ಗಳಿಗೆ ಇದ್ರ ತಲೆ ಒತ್ತಿ ಹಿಡ್ಕಳಿ. ಟವಲ್ ಸುತ್ಕಂಡಾದ್ರೂ ಹಿಡ್ಕಳಿ" ಅಂದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಕೈ ಹಿಂದಕ್ಕೆ ತೆಗೆದುಕೊಂಡೆ. ಅವನು ನಕ್ಕ. ಮೊಣಕಾಲಲ್ಲಿ ಮೀನು ಒತ್ತಿಕೊಂಡು ಎಳೆದ. ಅದು ಒದ್ದಾಡಿತು, ಗಾಳ ಕಿತ್ತು ಅವನ ಹೆಬ್ಬೆರಳಿಗೆ ಆಳವಾಗಿ ಚುಚ್ಚಿತು. ಅವನೇ ಬಿಡಿಸಿಕೊಂಡ. ದಡದ ಮಣ್ಣು ಮೆತ್ತಿ ಬಟ್ಟೆ ಸುತ್ತಿದ. ಇಂಜೆಕ್ಷನ್ ಹಾಕಿಸಿಕೋ ಅಂದೆ. "ಇದ್ಕೆಲ್ಲಾ ಎಂಥ ಇಂಜೆಕ್ಷನ್ ಬುಡಿ."

ಮನಸ್ಸಿಗೆ ಸ್ವಲ್ಪ ಇರುಸುಮುರುಸು. ಆದರೆ ನೇಮ ಅಂದ ಮೇಲೆ ನೇಮ. ಅವನಿಗೂ ಗೊತ್ತಿರುವುದೇ.

16 ಏಪ್ರಿಲ್

ಆಫೀಸಿನಿಂದ ಬರುವಾಗ ಸಿದ್ದರಾಜು ಸಿಕ್ಕ. ಗಾಯ ಒಣಗಿದೆ. ಸಮಾಧಾನ.

22 ಏಪ್ರಿಲ್, ಮಂಗಳವಾರ

ಅವನ ಭಾವ ಮಹದೇವು ಆಫೀಸಿಗೇ ಬಂದ. ನಿನ್ನೆಯಿಂದ ಸಿದ್ದರಾಜುವಿಗೆ ಬಾಯಿ ತೆರೆಯಲು ಆಗುತ್ತಿಲ್ಲ, ದವಡೆ ಕಚ್ಚಿಕೊಂಡಿದೆ. ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ. ಓಡಿದೆ. ಧನುರ್ವಾಯು ಅಂದರು ಡಾಕ್ಟರು. ಗಾಯ ಹೇಗಾಯಿತು ಎಂದು ನನ್ನನ್ನೇ ಕೇಳಿದರು. ಮೀನಿನ ಗಾಳ ಚುಚ್ಚಿತು ಅಂದೆ. ಅಷ್ಟೇ ಅಂದೆ.

24 ಏಪ್ರಿಲ್

ಕತ್ತಲೆ ಕೋಣೆ. ಸದ್ದಾದರೆ ಮೈ ಬಿಲ್ಲಿನಂತೆ ಬಾಗುತ್ತದೆ. ಮಾತಿಲ್ಲ. ಕಣ್ಣು ಮಾತ್ರ ನನ್ನ ಕಡೆ. ನಿಲ್ಲಲಾರದೆ ಹೊರಗೆ ಬಂದೆ. ಟವಲ್ ಸುತ್ತಿಕೊಂಡಾದರೂ ಹಿಡಿ ಅಂದಿದ್ದ. ಹೆಗಲ ಮೇಲೇ ಇತ್ತು ಟವಲ್.

26 ಏಪ್ರಿಲ್, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಸಿದ್ದರಾಜು ಹೋದ.

3 ಮೇ, ಶನಿವಾರ

ಸಿದ್ದರಾಜುವಿನ ಹೆಂಡತಿ ದೇವಿರಮ್ಮ ಗೇಟಿನ ಹತ್ತಿರ ನಿಂತಿದ್ದಳು. ಒಳಗೆ ಬಾ ಅಂದರೆ ಬರಲಿಲ್ಲ. ಮಂಗಳವಾರ ಗಂಡನ ಹನ್ನೊಂದನೆಯ ದಿನ. ತೀರಿಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು ಅವರಲ್ಲಿ ಪದ್ಧತಿ. "ಮಾರ್ಕೆಟ್ ಮೀನ ಅವ್ರು ಬಾಯ್ಗೇ ಇಡ್ತಿರ್ಲಿಲ್ಲ ಸ್ವಾಮಿ. ನಿಮ್ ಕೆರೆ ಗೆಂಡೆನೇ ಆಗ್ಬೇಕು. ನೀವೇ ಹಿಡ್ದು, ನಿಮ್ ಕೈಯಾರೆ ತಂದ್ಕೊಡಿ."

ಮಹದೇವುವನ್ನು ಜೊತೆಗೆ ಕಳಿಸು, ಬಿಡಿಸಿಕೊಳ್ಳಲು ಒಬ್ಬರು ಬೇಕು ಅಂದೆ. ಆಕೆ ತಲೆಯಾಡಿಸಿದಳು. "ಬ್ಯಾಡ. ನೀವೇ."

ಯಾಕೆ ಹಾಗೆ ಅಂದಳೋ ತಿಳಿಯಲಿಲ್ಲ. ಆಗಲಿ ಅಂದೆ. ನಾಗಮಣಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

4 ಮೇ, ಭಾನುವಾರ

ಒಬ್ಬನೇ ಹೋದೆ. ಏನೂ ಕಚ್ಚಲಿಲ್ಲ.

5 ಮೇ

ಆಫೀಸಿಗೆ ಲೀವ್. ಮಧ್ಯಾಹ್ನದವರೆಗೆ ಕೂತೆ. ಒಂದು ಕಚ್ಚಿತು, ದಡಕ್ಕೆ ಬರುವಷ್ಟರಲ್ಲಿ ತಪ್ಪಿಸಿಕೊಂಡಿತು. ತಪ್ಪಿಸಿಕೊಂಡದ್ದಕ್ಕೆ ಒಂದು ಕ್ಷಣ ಹಾಯೆನಿಸಿತು. ನನ್ನ ಮೇಲೆ ನನಗೇ ಹೇಸಿಗೆ. ನಾಳೆ ಬೆಳಿಗ್ಗೆ ಸಿಗದಿದ್ದರೆ ಎಡೆಗೆ ಮೀನಿಲ್ಲ.

6 ಮೇ, ಮಂಗಳವಾರ

ಬೆಳಕು ಹರಿಯುವಾಗಲೇ ಸಿಕ್ಕಿತು. ಒಂದು ಸೇರಿನ ಗೆಂಡೆ. ದಡದ ಮೇಲೆ ಪಟಪಟ ಅನ್ನುತ್ತಿತ್ತು. ನೋಡುತ್ತ ನಿಂತೆ. ಆಮೇಲೆ ಮಂಡಿಯೂರಿ ಕೂತು ಬರಿಗೈಯಲ್ಲೇ ಒತ್ತಿ ಹಿಡಿದೆ. ತಣ್ಣಗೆ, ನುಣ್ಣಗೆ, ಒಳಗೊಂದು ಬಲ. ಗಾಳ ಬಿಡಿಸಿದೆ. ಅರೆ ನಿಮಿಷದ ಕೆಲಸ. ನನಗೇನೂ ಆಗಲಿಲ್ಲ, ಆಕಾಶವೂ ಕಳಚಿ ಬೀಳಲಿಲ್ಲ. ಕೆರೆಯ ದಂಡೆಯಲ್ಲೇ ಕೂತು ಅತ್ತೆ.

ಅಶೋಕಪುರಂ, ಸಿದ್ದರಾಜುವಿನ ಮನೆ. ಹತ್ತಾರು ಜನ ನೆಂಟರು. ದೇವಿರಮ್ಮ ಮೀನು ತೊಳೆದು ಸಾರು ಮಾಡಿದಳು. ಬಾಳೆ ಎಲೆಯ ಮೇಲೆ ಮುದ್ದೆ, ಮೀನಿನ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಎಲ್ಲರೂ ಕೈಮುಗಿದ ಮೇಲೆ ನನ್ನನ್ನು ತೋರಿಸಿ ನೆಂಟರಿಗೆ ಹೇಳಿದಳು: "ಇವ್ರೇ ಕಣ್ರಪ್ಪ. ಅವತ್ತು ಗಾಳ ಬುಡಿಸುವಾಗ ಮೀನ್ ತಲೆ ಒತ್ತಿ ಹಿಡ್ಕಂಡಿದ್ದು ಇವ್ರೇ. ನನ್ ಕೈಯೇ ಜಾರೋಯ್ತು ಅಂದ್ರು ನಮ್ಮನೆಯೋರು. ಒಂಬತ್ತು ವರ್ಸ ಮುಟ್ದೋರಲ್ಲ, ಕೊನೆಗೂ ಮುಟ್ಬುಟ್ರು ಕಣೇ ಅಂತ, ಮನೆಗೆ ಬಂದು ಕೈ ನೋವಿನ ಮಾತೇ ಆಡ್ನಿಲ್ಲ, ಅದನ್ನೇ ಹೇಳಿದ್ದು ನಾಕು ಸಲ."

ಯಾರೋ ಮುದುಕರು ನನಗೆ ಕೈಮುಗಿದರು. ನಾನೂ ಮುಗಿದೆ.

8 ಮೇ

ಬರೆಯಲು ಏನೂ ಇಲ್ಲ. ನಿದ್ದೆ ಇಲ್ಲ.

11 ಮೇ, ಭಾನುವಾರ

ಕೆರೆಗೆ ಹೋಗಲಿಲ್ಲ. ಅಶೋಕಪುರಂಗೆ ಹೋದೆ. ದೇವಿರಮ್ಮ ಒಬ್ಬಳೇ ಜಗಲಿಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ನೆಲದ ಮೇಲೆ ಕೂತೆ. ಸುತ್ತಿ ಬಳಸದೆ ಹೇಳಿಬಿಟ್ಟೆ. ಅವತ್ತು ನಾನು ಮೀನು ಹಿಡಿದುಕೊಳ್ಳಲಿಲ್ಲ. ಅವನು ಕೇಳಿದ, ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಹಿಡಿದಿದ್ದರೆ ಗಾಳ ಚುಚ್ಚುತ್ತಿರಲಿಲ್ಲ.

ಆಕೆ ಮೊರ ಕೆಳಗಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ತನಗೆ ತಾನೇ ಕೇಳಿಕೊಳ್ಳುವಂತೆ ಕೇಳಿದಳು: "ಮತ್ಯಾಕೆ ಅಂಗಂದ್ರು ಅವ್ರು?"

ನನಗೆ ಗೊತ್ತು. ಹೇಳದೆ ಎದ್ದು ಬಂದುಬಿಟ್ಟೆ. ಇಲ್ಲಾದರೂ ಬರೆಯಬೇಕು. ಹಾಗಂದದ್ದು ಯಾಕೆಂದರೆ, ಹೆಂಡತಿಯ ಮುಂದೆ ಅವನು ನನ್ನನ್ನು ಸಣ್ಣವನನ್ನಾಗಿ ಮಾಡಲಿಲ್ಲ; ನಾನು ಆಗಬೇಕಿದ್ದ ಗೆಳೆಯನನ್ನಾಗಿ ಮಾಡಿ ಹೇಳಿದ.