ಆರಿತೆಂದುಕೊಂಡ ಉಮಿರಾಶಿ

ಬಂಟ್ವಾಳ
೧೨ ಜೂನ್ ೧೯೬೮

ಮದರಾಸಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು, ಮುದ್ದಿನ ಸೊಸೆ ಶಶಿಪ್ರಭಾಳಿಗೆ,

ನಿನ್ನ ಕಾಗದ ಕೈಸೇರಿತು. ಮುದಿಯಾದ ನಕ್ಷತ್ರ ಮೈಮೇಲಿನ ಅನಿಲವನ್ನು ಹೊರಕ್ಕೆ ಊದಿಬಿಡುತ್ತದೆ, ಅದು ಸುತ್ತಲೂ ಬಳೆಯಂತೆ ಹೊಳೆಯುತ್ತದೆ, ನಡುವೆ ಸುಡುವ ತಿರುಳು ಉಳಿಯುತ್ತದೆ ಎಂದು ಬರೆದಿದ್ದೀ. ಅಂಥ ಕೆಲವು ತಿರುಳುಗಳ ಬೆಳಕನ್ನು ಒಡೆದು ನೋಡಿದರೆ ಜಲಜನಕದ ಸುಳಿವೇ ಇಲ್ಲವಂತೆ. ತೆಳುವಾದ ಒಂದು ಪದರವಾದರೂ ಉಳಿಯಬೇಕಿತ್ತು, ಅದೆಲ್ಲಿ ಹೋಯಿತೆಂದು ನಿನ್ನ ಮೇಷ್ಟ್ರಿಗೂ ತಿಳಿಯದಂತೆ. "ಮಾವ, ನಿಮ್ಮಲ್ಲಿ ಎಲ್ಲದಕ್ಕೂ ಒಂದು ಕತೆ ಉಂಟಲ್ಲ, ಇದಕ್ಕೂ ಒಂದು ಹೇಳಿ" ಎಂದು ತಮಾಷೆ ಮಾಡಿದ್ದೀ. ಕೊನೆಯಲ್ಲಿ, ಪ್ರಯೋಗಶಾಲೆಯಲ್ಲಿ ಅಮ್ಮ ಮಾಡಿದ ಹಾಗೆ ಕೇಳದೆ ಯಾವುದಕ್ಕೂ ಕೈಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದೀ. ಆ ಸಾಲು ಓದಿದ ಮೇಲೆ ಈ ಕಾಗದ ಬರೆಯಲು ಕೂತೆ.

ಹದಿನೈದು ವರ್ಷದ ಹಿಂದೆ ನಾನು ಅಕ್ಕಿಗಿರಣಿಯಲ್ಲಿ ಭತ್ತ ಬೇಯಿಸುತ್ತಿದ್ದೆ. ನಿನಗಾಗ ನಾಲ್ಕು ವರ್ಷ. ಗಿರಣಿಯ ಹಿಂದೆ ಆಳೆತ್ತರದ ಉಮಿರಾಶಿ ವಾರಗಟ್ಟಲೆ ಒಳಗೊಳಗೇ ಉರಿಯುತ್ತಿತ್ತು. ಹಲ್ಲುಜ್ಜುವ ಉಮಿಕರಿಯನ್ನು ಊರಿನವರು ಒಯ್ಯುತ್ತಿದ್ದದ್ದು ಅಲ್ಲಿಂದಲೇ. ಯಾರನ್ನಾದರೂ ಹತ್ತಲು ಬಿಡುವ ಮೊದಲು ರಾಶಿಗೆ ಕಬ್ಬಿಣದ ಸಲಾಕೆ ಚುಚ್ಚಿ, ಎಳೆದು, ಬಿಸಿ ಉಂಟಾ ಎಂದು ಮುಟ್ಟಿ ನೋಡಬೇಕು. ಅದು ನನ್ನ ಕೆಲಸ.

ಆ ಸಲ ಮೊದಲ ಮಳೆಗೇ ಹೊಗೆ ನಿಂತಿತ್ತು. ಮೇಲೆ ಸುಡದ ಉಮಿಯ ಪದರ ಒಣಗಿ ಕೂತಿತ್ತು. ನಿನ್ನ ಅಮ್ಮ, ನನ್ನ ಸರಸಕ್ಕ, ಬುಟ್ಟಿ ಹಿಡಿದು ಬಂದು ಕೇಳಿದಳು: "ಭೋಜ, ಬೆಂಕಿ ಉಂಟಾ?"

ಕೇಳಿದಳು, ಮಗಳೇ.

"ಅದು ಸತ್ತು ಎಂಟು ದಿನವಾಯಿತು. ಬಾವನ ಸಿಟ್ಟು ಅದಕ್ಕಿಂತ ಬಿಸಿ ಉಂಟು" ಅಂದೆ.

"ನಿನ್ನ ಕತೆಗಳ ಹಾಗೆ ಅಲ್ಲವಷ್ಟೆ, ಮಾರಾಯ?" ಎಂದು ನಗುತ್ತಲೇ ಹತ್ತಿದಳು. ಸಲಾಕೆ ನನ್ನ ಕೈಯಳತೆಯಲ್ಲೇ ಇತ್ತು. ನಾನು ಏಳಲಿಲ್ಲ.

ಅವಳ ಕಾಲು ಕುಸಿಯಿತು. ಮೇಲಿನ ಉಮಿಯೆಲ್ಲ ಒಳಗಿನ ಕೆಂಡಕ್ಕೆ ಜಾರಿ ಒಮ್ಮೆಲೇ ಹೊತ್ತಿಕೊಂಡಿತು, ಸೀರೆಗೂ ಹಿಡಿಯಿತು. ಆಮೇಲೆ ನೋಡಿದರೆ ಸುಡದ ಉಮಿ ಒಂದು ಹಿಡಿಯೂ ಉಳಿದಿರಲಿಲ್ಲ, ಬರಿಯ ಕೆಂಡ. ಒಂಬತ್ತನೆಯ ದಿನ ಅವಳು ಹೋದಳು. "ಕೇಳದೆ ಹತ್ತಿದಳಾ?" ಎಂದು ನಿನ್ನ ಅಜ್ಜಿ ಕೇಳಿದಾಗ ನಾನು ಹೌದೆಂದು ತಲೆಯಾಡಿಸಿದೆ. ಅಜ್ಜಿ ಸಾಯುವತನಕ ಮಗಳನ್ನೇ ಬೈದರು.

ನಿನ್ನ ನಕ್ಷತ್ರಕ್ಕೂ ಹೀಗೆಯೇ ಆಗಿರಬಹುದೇ? ಆರಿತು ಎನ್ನುವಾಗ ಒಳಗಿನ ಬೆಂಕಿ ಕೊನೆಯ ಸಲ ಎದ್ದು, ಉಳಿದಿದ್ದ ಜಲಜನಕವನ್ನು ಒಳಕ್ಕೆಳೆದು ಸುಟ್ಟಿರಬಹುದು. ಇದು ಗಿರಣಿಯವನ ಊಹೆ, ಮೇಷ್ಟ್ರು ನಕ್ಕರೆ ನಗಲಿ.

ಆದರೆ ನಿನ್ನ ಅಮ್ಮ ಕೇಳಿದ್ದು ಊಹೆಯಲ್ಲ. ಇನ್ನು ಮೇಲೆ ಅವಳು ಕೇಳದೆ ಹತ್ತಿದಳೆಂದು ಎಲ್ಲಿಯೂ ಬರೆಯಬೇಡ. ನನಗೆ ಬರೆಯುವುದೂ ಬಿಡುವುದೂ ನಿನ್ನಿಷ್ಟ. ನೀನು ಎಲ್ಲಿದ್ದರೂ ಬೆಂಕಿ ನಿನ್ನನ್ನು ಮುಟ್ಟದಿರಲಿ.

ಸರಸಳ ತಮ್ಮ,
ಭೋಜ