ಕೆಮ್ಮು ಕೇಳಿಸಿದ ದಿನ

ಶಿವಾರಪಟ್ಟಣ
೯-೧-೧೯೮೭

ನಮ್ಮ ಯಜಮಾನರ ಪಾದಗಳಿಗೆ ಅಶ್ವತ್ಥಮ್ಮನ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಉಸಿರು ಈಗ ಹೇಗಿದೆ? ಮೂಗಿಗೆ ಹಾಕಿದ ಕೊಳವೆ ತೆಗೆದರಾ? ರಾತ್ರಿ ಮಲಗಿದರೆ ನಿದ್ದೆ ಬರುತ್ತದಾ, ಇಲ್ಲ ಗೋಡೆಗೆ ಒರಗಿಯೇ ಕೂತಿರುತ್ತೀರಾ? ಆಸ್ಪತ್ರೆಯವರು ಬರೀ ಗಂಜಿ ಕೊಡುತ್ತಾರೆಂದು ಬರೆದಿದ್ದಿರಿ. ಇಲ್ಲಿ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು ಮಾಡಿದ ದಿನ ನಿಮ್ಮ ತಟ್ಟೆ ಹಾಗೇ ಬೋರಲಾಗಿರುವುದನ್ನು ನೋಡಿ ಮುದ್ದೆ ಮುಟ್ಟದೆ ಎದ್ದುಬಿಟ್ಟೆ. ಹಾಗೆಂದು ಉಪವಾಸ ಇದ್ದೆ ಅಂದುಕೊಳ್ಳಬೇಡಿ, ಆಮೇಲೆ ತಿಂದೆ.

ನಿಮ್ಮ ನೀಲಿ ಕಾಗದವನ್ನು ಮಾವ ನನ್ನಿಂದ ಮೂರು ಸಲ ಓದಿಸಿದರು. ಸಿಂಗಪುರದ ಹೊಸ ಗುಡಿಯಲ್ಲಿ ನೀವು ಕೆತ್ತಿದ ಅಮ್ಮನವರಿಗೆ ಉಳಿ ಹಿಡಿದು ಕಣ್ಣು ತೆರೆದ ಮರುದಿನವೇ ಉಸಿರು ಕಟ್ಟಿ ಬಿದ್ದದ್ದನ್ನು ಹೇಗೋ ಓದಿ ಮುಗಿಸಿದೆ. ಆದರೆ ಎಕ್ಸ್‌ರೇ ವಿಷಯ ಬಂದಾಗ ಓದುವುದನ್ನೇ ನಿಲ್ಲಿಸಿಬಿಟ್ಟೆ. ಎದೆಯ ತುಂಬ ಎಳ್ಳು ಚೆಲ್ಲಿದ ಹಾಗೆ ಬಿಳಿ ಚುಕ್ಕಿ, ಅದೆಲ್ಲ ಕಲ್ಲಿನ ಧೂಳಂತೆ, ಎಷ್ಟೋ ವರ್ಷದಿಂದ ಒಳಗೆ ಕೂತಿದ್ದಂತೆ. ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಮಲಗಿದ ನನಗೆ ತಿಳಿಯದ್ದು ಒಂದು ಫೋಟೋಗೆ ತಿಳಿಯಿತಲ್ಲ! ಆಮೇಲೆ ವಿಮಾನದ ಮಾತು. ಆರು ಸೀಟು ಮಡಿಸಿ ನಿಮಗೊಬ್ಬರಿಗೇ ಹಾಸಿಗೆ ಹಾಕುತ್ತಾರೆ, ತಲೆಯ ಹತ್ತಿರ ಗಾಳಿಯ ಸಿಲಿಂಡರು, ಮದ್ರಾಸಿನವರೆಗೂ ಜೊತೆಗೆ ಒಬ್ಬ ನರ್ಸಮ್ಮ. ಮಾವ ಬಾಯಿ ಬಿಟ್ಟುಕೊಂಡು ಕೇಳಿದರು. “ಆರು ಸೀಟಾ? ಮಾಲೂರು ಬಸ್ಸಲ್ಲಿ ನಂಗೆ ಅರ್ಧ ಸೀಟು ಬಿಡಲ್ವಲ್ಲಮ್ಮಾ ಜನ!” ಎಂದು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು.

ಇದೆಲ್ಲ ಆ ಇನ್ಶೂರೆನ್ಸ್ ಕಾಗದದ ಮಹಿಮೆ ಎಂದು ಬರೆದಿದ್ದಿರಿ. ಗುಡಿಯವರು ಅದಕ್ಕೆ ನಿಮ್ಮಿಂದ ಸಹಿ ಹಾಕಿಸಿಕೊಂಡಾಗ ವಿಗ್ರಹ ಹಡಗಿನಲ್ಲಿ ಒಡೆದರೆ ಎಂದು ಮಾಡಿಸುತ್ತಿದ್ದಾರೆ ಅಂದುಕೊಂಡಿದ್ದೆವು. ಕೆತ್ತಿದವನಿಗೂ ಮಾಡಿಸುತ್ತಾರೆಂದು ಯಾರಿಗೆ ಗೊತ್ತಿತ್ತು? ಆದರೆ ಅದರ ಕೊನೆಯಲ್ಲಿ ನೀವು ಬರೆದ ಎರಡು ಸಾಲು ನನ್ನ ಎದೆಯ ಮೇಲೆ ಕೂತುಬಿಟ್ಟವು. ಕಾಯಿಲೆ ಹೊರಡುವ ಮೊದಲೇ ಇದ್ದು, ಅದನ್ನು ಮುಚ್ಚಿಟ್ಟಿದ್ದರೆ ಆ ಕಾಗದ ನಡೆಯುವುದಿಲ್ಲ. ಕಂಪನಿಯವರು ಒಪ್ಪದಿದ್ದರೆ ಹಾಸಿಗೆಯಿಲ್ಲ, ಹಾಸಿಗೆಯಿಲ್ಲದೆ ಡಾಕ್ಟರು ನಿಮ್ಮನ್ನು ವಿಮಾನ ಹತ್ತಿಸುವುದಿಲ್ಲ. ‘ಹಿಂದಿನಿಂದ ಯಾವ ಕಾಯಿಲೆಯಾದರೂ ಇದೆಯೇ’ ಎಂಬಲ್ಲಿ ‘ಇಲ್ಲ’ ಎಂದು ಬರೆಸಿದ್ದು ನೀವೇ. ನಾನೂ ಪಕ್ಕದಲ್ಲೇ ನಿಂತಿದ್ದೆ. ಸುಳ್ಳೆಂದು ಇಬ್ಬರಿಗೂ ಅನಿಸಿರಲಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಹೋದ ತಿಂಗಳ ಕೊನೆಗೆ ಆ ಕಂಪನಿಯ ಪರವಾಗಿ ವಿಚಾರಣೆಗೆಂದು ಬೆಂಗಳೂರಿನಿಂದ ರಹಮತ್ತುಲ್ಲಾ ಸಾಹೇಬರು ಎಂಬುವರು ಬಂದಿದ್ದರು. ಹುಟ್ಟಿದ್ದು ಕೋಲಾರದಲ್ಲೇ ಅಂತೆ. ಬರುತ್ತಾರೆಂದು ಹಿಂದಿನ ದಿನವೇ ಗೊತ್ತಾಗಿ ಬೀದಿಯವರೆಲ್ಲ ನನಗೆ ಪಾಠ ಹೇಳಿಕೊಟ್ಟಿದ್ದರು. ಪಕ್ಕದ ಮನೆ ದೊಡ್ಡಗಂಗಮ್ಮನಂತೂ “ಏಮೀ ಲೇದು, ಏನೂ ಇರಲಿಲ್ಲ ಅನು, ಅಷ್ಟೇ. ಗುಂಡುಕಲ್ಲಿನಂಗಿದ್ರು ಅನ್ನು” ಎಂದು ನನ್ನ ಬಾಯಲ್ಲಿ ನಾಲ್ಕು ಸಲ ಹೇಳಿಸಿದಳು. ಸಾಹೇಬರು ನಮ್ಮ ಚಪ್ಪರದಲ್ಲಿ ಅರೆಕೆತ್ತಿದ ನಂದಿಯ ಪಕ್ಕದ ದಿಮ್ಮಿಯ ಮೇಲೆ ಕೂತು, ನೀರು ಕುಡಿದು, ಮೆಲ್ಲಗೆ ಕೇಳಿದರು: “ಹೋಗೋಕೆ ಮುಂಚೆ ಏನಾದ್ರೂ ಕಾಯಿಲೆ ಇತ್ತಾಮ್ಮಾ?” ಇಲ್ಲ ಎಂದೆ. “ಜ್ವರ?” ಇಲ್ಲ. “ಕೆಮ್ಮು?” ನಾನು ನಕ್ಕುಬಿಟ್ಟೆ. “ಕೆಮ್ಮಾ? ಅದಿಲ್ದೆ ಇರುತ್ತಾ ಸ್ವಾಮಿ, ಕಲ್ಲು ಕೆಲಸದೋರಿಗೆ?” ಎಂದುಬಿಟ್ಟೆ. ನಿಮಗೆ ಮೂಗಿದೆಯಾ ಎಂದು ಕೇಳಿದ್ದರೂ ಹಾಗೇ ಹೇಳುತ್ತಿದ್ದೆ. ದೊಡ್ಡಗಂಗಮ್ಮ ತಲೆಗೆ ಕೈ ಹಚ್ಚಿಕೊಂಡ ಮೇಲೆಯೇ ನಾನೇನು ಮಾಡಿದೆ ಎಂದು ನನಗೆ ಹೊಳೆದದ್ದು. ಕೈಯಾರೆ ನಿಮ್ಮ ಹಾಸಿಗೆ ಎಳೆದುಹಾಕಿದೆ ಅನಿಸಿತು. ಬೈಯುವುದಿದ್ದರೆ ಮನೆಗೆ ಬಂದು ಎಷ್ಟು ಬೇಕಾದರೂ ಬೈಯಿರಿ.

ಸಾಹೇಬರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಏನೋ ಕೇಳಿಸಿಕೊಳ್ಳುತ್ತಿರುವವರ ಹಾಗಿದ್ದರು. ನಾನೂ ಕಿವಿಗೊಟ್ಟೆ. ಉಳಿಯ ಸದ್ದು ಬಿಟ್ಟರೆ ಏನೂ ಇಲ್ಲ ಅಂದುಕೊಂಡೆ. ಆಮೇಲೆ ಕೇಳಿಸಿತು. ಎದುರು ಚಪ್ಪರದಲ್ಲಿ ಒಬ್ಬರು ಕೆಮ್ಮಿದರು. ಅದರಾಚೆ ಇನ್ನೊಬ್ಬರು. ಬಾವಿಯ ಕಡೆಯಿಂದ, ಗುಡಿಯ ಹಿಂದಿನಿಂದ, ನಮ್ಮ ಬೆನ್ನ ಹಿಂದೆಯೇ ಮಾವ. ಇಡೀ ಬೀದಿ ಕೆಮ್ಮುತ್ತಿತ್ತು! ಮದುವೆಯಾಗಿ ಬಂದಾಗಿನಿಂದ ಈ ಬೀದಿಯಲ್ಲಿದ್ದೇನೆ, ದೇವರಾಣೆ, ಅವತ್ತೇ ಮೊದಲ ಸಲ ಅದು ನನ್ನ ಕಿವಿಗೆ ಬಿದ್ದದ್ದು. ಸಾಹೇಬರು ಮಾವನನ್ನು “ಇದೆಷ್ಟು ದಿನದಿಂದ ಅಜ್ಜಾ?” ಎಂದು ಕೇಳಿದರು. ಮಾವ “ಇದು ಕಾಯ್ಲೆ ಅಲ್ಲ ಸ್ವಾಮಿ, ಕಸುಬು. ದೇವರ ಮುಖದ ಧೂಳನ್ನ ಬಟ್ಟೇಲಿ ಒರೆಸಬಾರದು, ಬಾಯಿಂದ ಊದಬೇಕು, ನಮ್ಮಪ್ಪ ಹೇಳಿಕೊಟ್ಟಿದ್ದು” ಎಂದು ನಂದಿಯ ಕಣ್ಣಿನ ಹತ್ತಿರ ಬಗ್ಗಿ ಊದಿ ತೋರಿಸಿದರು. ಬಿಸಿಲಿನಲ್ಲಿ ಆ ಧೂಳು ಎದ್ದು ಅವರ ಮುಖಕ್ಕೇ ಹಿಂದಿರುಗಿದ್ದು ನಮಗೆಲ್ಲ ಕಾಣಿಸಿತು.

ಸಾಹೇಬರು ಕಾಫಿಯನ್ನೂ ಮುಟ್ಟದೆ ಎದ್ದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮನೆಮನೆಗೂ ಹೋದರು. ಪ್ರತಿಯೊಬ್ಬರನ್ನೂ ಕಾಯಿಲೆ ಇದೆಯಾ ಎಂದು ಕೇಳಿದರಂತೆ. ಕೆಮ್ಮುತ್ತಲೇ ಎಲ್ಲರೂ ಇಲ್ಲ ಎಂದರಂತೆ. ಹೋಗುವಾಗ ನನಗೆ ಕೈ ಮುಗಿದು, “ನಾನು ಕಂಡದ್ದು ಬರೀತೀನಮ್ಮಾ, ಒಪ್ಪೋದು ಅವರಿಗೆ ಬಿಟ್ಟಿದ್ದು” ಎಂದರು. ಆಮೇಲಿನ ಹತ್ತು ದಿನ ಹೇಗೆ ಕಳೆದೆನೋ ಆ ದೇವರಿಗೇ ಗೊತ್ತು. ಮಾವ ನನ್ನನ್ನು ಬೈಯಲೂ ಇಲ್ಲ. ಅದೇ ಕಷ್ಟವಾಗಿತ್ತು, ಬೈದಿದ್ದರೆ ಅತ್ತು ಹಗುರವಾಗುತ್ತಿದ್ದೆ.

ನಿನ್ನೆ ಅವರ ಕಾಗದ ಬಂತು. ಕಂಪನಿ ಒಪ್ಪಿದೆ! ನಿಮಗೆ ಇಷ್ಟರಲ್ಲಿ ತಿಳಿದಿರುತ್ತದೆ, ಆದರೂ ನನ್ನ ಕೈಯಾರೆ ಬರೆಯುವ ಆಸೆ. ‘ಈ ಊರಿನಲ್ಲಿ ಅದನ್ನು ಕಾಯಿಲೆ ಎಂದು ಒಬ್ಬರೂ ತಿಳಿದಿಲ್ಲ. ತಿಳಿಯದ್ದನ್ನು ಮುಚ್ಚಿಡಲು ಯಾರಿಗೂ ಆಗುವುದಿಲ್ಲ’ ಎಂದು ವರದಿ ಬರೆದಿದ್ದರಂತೆ. ಇಪ್ಪತ್ತೆರಡನೇ ತಾರೀಖು ವಿಮಾನವಂತೆ. ಸಮುದ್ರದಾಚೆ ಕೂತ, ನಮ್ಮ ಮುಖ ನೋಡದ ಜನ, ಒಬ್ಬ ಕಲ್ಲುಕುಟಿಗನ ಉಸಿರು ಎಲ್ಲಿ ಕೆಟ್ಟಿತೆಂದು ಹುಡುಕಿಕೊಂಡು ನಮ್ಮ ಚಪ್ಪರದವರೆಗೆ ಮನುಷ್ಯನನ್ನು ಕಳಿಸಿದರಲ್ಲ! ನಾವು ಯಾರೂ ನಮ್ಮನ್ನು ಹಾಗೆ ಕೇಳಿಕೊಂಡಿರಲಿಲ್ಲ.

ಇನ್ನೊಂದು ವಿಷಯ ಕೇಳಿದರೆ ನೀವು ನಂಬುವುದಿಲ್ಲ. ಇವತ್ತು ಬೆಳಿಗ್ಗೆ ಮಾವ ಉಳಿ ಕೆಳಗಿಟ್ಟು ನಂದಿಯ ಮುಂದೆ ನಿಂತರು. ಆಮೇಲೆ ಅಡ್ಡಬಿದ್ದು, ತಪ್ಪಾಯ್ತು ಎಂದು ಕೆನ್ನೆ ಬಡಿದುಕೊಂಡು, ತಮ್ಮ ಹೆಗಲ ಮೇಲಿನ ಟವಲನ್ನೇ ನೀರಲ್ಲಿ ಅದ್ದಿ ಅದರ ಮುಖ ಒರೆಸಿದರು. ನನ್ನ ಕಡೆ ತಿರುಗಿ ನೋಡಲಿಲ್ಲ, ನಾನೂ ನೋಡದವಳ ಹಾಗೆ ಒಳಗೆ ಬಂದೆ. ನಿಮ್ಮ ಎದೆಯ ಫೋಟೋ ತಪ್ಪದೆ ತರಬೇಕಂತೆ, ಬೀದಿಯವರಿಗೆಲ್ಲ ತೋರಿಸಬೇಕಂತೆ.

ಮಾವನವರ ಆಶೀರ್ವಾದ ನಿಮ್ಮ ಮೇಲಿದೆ. ನಿಮ್ಮ ಜೊತೆ ಬರುವ ಆ ನರ್ಸಮ್ಮನಿಗೆ ನನ್ನ ಹೆಸರಿನಲ್ಲಿ ಕೈ ಮುಗಿಯಿರಿ. ದಾರಿಯಲ್ಲಿ ಗಾಳಿಗೆ ಎದೆ ಒಡ್ಡಬೇಡಿ.

ನಿಮ್ಮ ದಾರಿ ಕಾಯುತ್ತಿರುವ
ಅಶ್ವತ್ಥಮ್ಮ

ಮರೆತಿದ್ದೆ: ಬೀದಿ ಕೊನೆಯ ಅಂಗಡಿ ಓಬೇದುಲ್ಲಾ ಮಾಲೂರಿಗೆ ಹೊರಟು ನಿಂತಿದ್ದಾರೆ, ಇದನ್ನು ಅವರೇ ಅಂಚೆಗೆ ಹಾಕುತ್ತಾರೆ, ಅದಕ್ಕೇ ಅವಸರ. ಮನೆಯಲ್ಲಿ ಎಷ್ಟು ಜನಕ್ಕೆ ಕೆಮ್ಮು ಎಂದು ಸಾಹೇಬರು ಕೇಳಿದಾಗ ಇಬ್ಬರಿಗೆ ಎಂದಿದ್ದೆ, ನಿಮಗೆ ಮತ್ತು ಮಾವನಿಗೆ. ಮೊನ್ನೆ ಮಾವ ಟೇಕಲ್‌ಗೆ ತಂಗಿಯ ಮನೆಗೆ ಹೋಗಿ ಅಲ್ಲೇ ಉಳಿದರು. ಮನೆಯಲ್ಲಿ ನಾನೊಬ್ಬಳೇ, ಎಂದಿನಂತೆ ನುಣುಪು ಬರಲೆಂದು ವಿಗ್ರಹ ಉಜ್ಜುತ್ತಾ ಕೂತಿದ್ದೆ. ಆಗಲೂ ಕೆಮ್ಮು ಕೇಳಿಸಿತು. ನೀವು ವಿಮಾನ ಹತ್ತುವ ಮುಂಚೆ ಆ ಡಾಕ್ಟರನ್ನು ಒಂದು ಮಾತು ಕೇಳಿಕೊಂಡು ಬನ್ನಿ, ಉಜ್ಜುವವರಿಗೂ ಇದು ಬರುತ್ತದಾ ಎಂದು.