ಮಾತಿಲ್ಲದ ಕೊನೆಯ ದೃಶ್ಯ

ಮನೆಯಿಂದ,
ಭಾನುವಾರ, ಫೆಬ್ರವರಿ 2, ಮಧ್ಯಾಹ್ನ

ಪ್ರೀತಿಯ ಗುಂಡಾ,

ಹೇಗಿದ್ದೀಯಪ್ಪಾ? ಮೂವತ್ತೆರಡು ತುಂಬಿದ ಗಂಡಸನ್ನು ಹೀಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ನಿನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡುತ್ತೀಯಾ? ಚಳಿ ಬಂತೆಂದರೆ ಶುರುವಾಗುತ್ತಿದ್ದ ಆ ಒಣ ಕೆಮ್ಮು ಈಗ ಹೇಗಿದೆ? ನಿನ್ನ ವಿಳಾಸ ಎಲ್ಲಿ ಸಿಕ್ಕಿತು ಎಂದು ಆಶ್ಚರ್ಯಪಡಬೇಡ. ನಿನ್ನ ಜೊತೆ ನಾಟಕಕ್ಕೆ ಲೈಟು ಹಾಕುತ್ತಿದ್ದ ಗೆಳೆಯನಿದ್ದಾನಲ್ಲ, ಅವನೇ ಕೊಟ್ಟ. ಕೊಡುವುದಿಲ್ಲ ಎಂದು ಎರಡು ಸಲ ಕಡ್ಡಿ ಮುರಿದ ಹಾಗೆ ಹೇಳಿದ್ದ. ಹೋದ ವಾರ ಪ್ಯಾಂಟಿಗೆ ಜಿಪ್ ಹಾಕಿಸಲು ನನ್ನ ಹೊಲಿಗೆ ಅಂಗಡಿಗೇ ಬಂದ. ವಿಳಾಸ ಬರೆದುಕೊಡುವವರೆಗೆ ಪ್ಯಾಂಟು ಕೊಡಲಿಲ್ಲ. ಅವನ ಮೇಲೆ ಸಿಟ್ಟಾಗಬೇಡ, ತಪ್ಪೆಲ್ಲ ನನ್ನದು.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದೇ ಇದೆ, ಅದಕ್ಕೂ ನನಗೂ ಹೊಂದಾಣಿಕೆ ಆಗಿದೆ. ಅಕ್ಕನ ವಿಷಯಕ್ಕೆ ಬರುತ್ತೇನೆ. ‘ಯಾವತ್ತಾದರೂ ಅವನಿಗೆ ಬರೆದರೆ ಕಣ್ಣಿನ ವಿಷಯ ಬರೀಬೇಡ’ ಎಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಆ ಮಾತನ್ನು ಈಗ ಮುರಿಯುತ್ತಿದ್ದೇನೆ. ನಿನ್ನ ಅಮ್ಮನಿಗೆ ಕಣ್ಣು ಕಾಣುವುದಿಲ್ಲ ಗುಂಡಾ. ಎರಡೂವರೆ ವರ್ಷವಾಯಿತು. ಮೊದಲು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವಾಗ ಸಾಲಿನ ಕೊನೆಯ ಅಕ್ಷರಗಳು ಕಾಣುತ್ತಿರಲಿಲ್ಲವಂತೆ. ಲೈಟು ಸರಿಯಿಲ್ಲ ಎಂದು ಮಾಲೀಕರ ಮೇಲೆ ರೇಗಿದಳು, ಕನ್ನಡಕ ಬದಲಾಯಿಸಿದಳು, ಭೂತಗನ್ನಡಿ ಹಿಡಿದಳು. ಮೂವತ್ತು ವರ್ಷ ಒಂದು ಒತ್ತು, ಒಂದು ದೀರ್ಘ ಬಿಡದೆ ತಿದ್ದಿದವಳ ಕೈಯಿಂದ ಒಂದು ಶಾಲಾ ಪುಸ್ತಕ ಹದಿನೇಳು ತಪ್ಪು ಇಟ್ಟುಕೊಂಡು ಅಚ್ಚಾಗಿ ಬಂತು. ಯಾರೂ ಏನೂ ಅನ್ನಲಿಲ್ಲ. ಅವಳೇ ಕೆಂಪು ಪೆನ್ನುಗಳನ್ನು ಮೇಜಿನ ಮೇಲೆ ಇಟ್ಟು ಮನೆಗೆ ಬಂದಳು. ಕಣ್ಣಿನ ನರ ಒಣಗುತ್ತಿದೆ ಎಂದರು ಡಾಕ್ಟರು. ಈಗ ಬೆಳಕು ಇದೆಯೋ ಇಲ್ಲವೋ ಅಷ್ಟು ಗೊತ್ತಾಗುತ್ತದೆ, ಬೇರೇನೂ ಇಲ್ಲ.

ಆದರೂ ನಾಟಕಕ್ಕೆ ಹೋಗುವುದನ್ನು ನಾವು ಬಿಟ್ಟಿಲ್ಲ. ಅದೇ ನಾಲ್ಕು ಜನ: ಅಕ್ಕ, ನಾನು, ಲೆಕ್ಕದ ಮೇಷ್ಟ್ರು, ಔಷಧಿ ಅಂಗಡಿಯ ಕಾಂಪೌಂಡರು. ಬಣ್ಣದ ಡಬ್ಬಿಗಳ ಗೋದಾಮಿನ ಮೇಲಿರುವ ಅದೇ ನಾಟಕದ ಹಾಲ್, ಕೂತರೆ ಬೆನ್ನು ಹಿಡಿಯುವ ಅವೇ ಕಬ್ಬಿಣದ ಕುರ್ಚಿಗಳು. ಈಗಲೂ ಮೇಷ್ಟ್ರು ಮುಕ್ಕಾಲು ಗಂಟೆ ಮೊದಲೇ ಬಂದು ಮೂರನೇ ಸಾಲಿನಲ್ಲಿ ಒಂದರ ಮೇಲೆ ಕರವಸ್ತ್ರ, ಒಂದರ ಮೇಲೆ ಪೇಪರು, ಒಂದರ ಮೇಲೆ ಟೋಪಿ ಇಟ್ಟು ನಾಲ್ಕನೆಯದರಲ್ಲಿ ತಾವು ಕೂತಿರುತ್ತಾರೆ. ಆಟ ಮುಗಿದ ಮೇಲೆ ಕೆಳಗಿನ ಚಹಾ ಅಂಗಡಿಯ ಬೆಂಚು. ನಿನಗೆ ಗೊತ್ತಲ್ಲ, ಆ ಬೆಂಚಿನ ಮೇಲೆ ಕೂತವರು ಅನ್ನಿಸಿದ್ದನ್ನು ಅನ್ನಿಸಿದ ಹಾಗೆಯೇ ಹೇಳಬೇಕು. ಸ್ನೇಹ, ನೆಂಟಸ್ತನ ಯಾವುದಕ್ಕೂ ರಿಯಾಯಿತಿ ಇಲ್ಲ. ಕಾಂಪೌಂಡರು ತಮ್ಮ ಸ್ವಂತ ಅಳಿಯ ಮಾಡಿದ ಪಾತ್ರವನ್ನು ‘ಔಷಧಿ ಕುಡಿದ ಮುಖ’ ಎಂದು ಹೇಳಿ, ಆರು ತಿಂಗಳು ಮಗಳ ಮನೆಗೆ ಹೋಗದೆ ಇದ್ದರು.

ಆ ಬೆಂಚಿನ ಮೇಲೆಯೇ ಅಲ್ಲವೇ ನಿನ್ನನ್ನೂ ಕಳೆದುಕೊಂಡದ್ದು. ನೀನು ಬರೆದು ಆಡಿಸಿದ ಮೊದಲನೆಯ ನಾಟಕ. ಅದರಲ್ಲಿ ಒಬ್ಬ ತಾಯಿ; ಮಗ ಏನು ಮಾಡಿ ತಂದರೂ ತಪ್ಪು ಹುಡುಕುವವಳು. ಯಾರು ಎಂದು ನಮಗೆಲ್ಲ ಮೊದಲ ದೃಶ್ಯದಲ್ಲೇ ಗೊತ್ತಾಯಿತು. ಮೇಷ್ಟ್ರು ಕೆಮ್ಮಿದರು, ಕಾಂಪೌಂಡರು ಸಂಗೀತ ಚೆನ್ನಾಗಿತ್ತು ಎಂದರು, ನಾನು ಪರದೆಯ ಹೊಲಿಗೆ ಹೊಗಳಿದೆ. ನೀನು ನಿಮ್ಮ ತಂಡದವರ ಜೊತೆ ಚಹಾ ಲೋಟ ಹಿಡಿದು ಎದುರಿಗೇ ನಿಂತಿದ್ದೆ. ಅಕ್ಕ ‘ಇದು ನಾಟಕ ಅಲ್ಲ, ದೂರು. ದೂರು ಕೊಡೋಕೆ ಇಷ್ಟು ಜನರನ್ನ ಯಾಕೆ ಕರೀಬೇಕಿತ್ತು?’ ಎಂದಳು. ನೀನು ಲೋಟ ಕೆಳಗಿಟ್ಟೆ. ಹದಿನೈದು ದಿನದಲ್ಲಿ ಬೇರೆ ಊರು, ಬೇರೆ ಕೆಲಸ, ಫೋನ್ ನಂಬರೂ ಬೇರೆ. ಆರು ವರ್ಷ. ಗುಂಡಾ, ನಿನಗೂ ಅವಳಿಗೂ ಹಠದಲ್ಲಿ ಒಂದು ನೂಲಿನಷ್ಟೂ ವ್ಯತ್ಯಾಸವಿಲ್ಲ. ನಡುವೆ ಸಿಕ್ಕಿ ನಾನು ಬೆಂದುಹೋದೆ.

ಕಣ್ಣು ಹೋದ ಮೇಲೆ ನಾನೇ ಅವಳ ಪಕ್ಕ ಕೂತು ಕಿವಿಯಲ್ಲಿ ಹೇಳುತ್ತೇನೆ. ಮಾತು ಅವಳಿಗೆ ಕೇಳಿಸುತ್ತದೆ, ಮಾತಿಲ್ಲದ ಕಡೆ ಏನಾಗುತ್ತಿದೆ ಎಂದು ನಾನು ಹೇಳಬೇಕು. ಮೊದಮೊದಲು ನನಗೆ ಬರುತ್ತಿರಲಿಲ್ಲ. ರಾಜ ಬಂದ ಎನ್ನುವ ಬದಲು ತೋಳು ಉದ್ದವಾಗಿದೆ, ಕಾಲರು ತಿರುಗಾಮುರುಗಾ ಹೊಲಿದಿದ್ದಾರೆ ಎನ್ನುತ್ತಿದ್ದೆ. ಅವಳು ತೊಡೆ ಚಿವುಟಿ, ಬಟ್ಟೆ ಬಿಡು, ಮನುಷ್ಯ ಏನು ಮಾಡುತ್ತಿದ್ದಾನೆ ಹೇಳು ಎಂದು ಗದರುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು. ನಾನು ಹೇಳಿದ್ದನ್ನೇ ಕೇಳಿ ಅವಳು ಬೆಂಚಿನ ಮೇಲೆ ಕೂತು, ಕಣ್ಣಿರುವ ನಮಗೆ ಯಾರಿಗೂ ಕಾಣದ ತಪ್ಪನ್ನು ಎತ್ತಿ ತೋರಿಸುತ್ತಿದ್ದಳು. ಆಗೆಲ್ಲ ನನಗೆ ನಮ್ಮಕ್ಕ ಎಂದು ಹೆಮ್ಮೆ.

ಹೋದ ತಿಂಗಳ ಮಧ್ಯದಲ್ಲಿ ಒಂದು ಹೊಸ ನಾಟಕ ಬಂತು, ಮೂರು ಶನಿವಾರ ಮೂರು ಆಟ. ಏನು ಎತ್ತ ಎಂದು ವಿಚಾರಿಸದೆ ಹೋದದ್ದು ನನ್ನ ತಪ್ಪು. ಕಥೆ ಒಬ್ಬ ತಾಯಿಯದು. ಮಗ ಜಗಳವಾಡಿ ಹೋಗಿದ್ದಾನೆ, ಅವಳು ಕಾಯುತ್ತಾಳೆ. ಅರ್ಧಕ್ಕೇ ಎದ್ದು ಹೋಗೋಣವೇ ಅಕ್ಕಾ ಎಂದು ಕೇಳಿದೆ. ಸುಮ್ಮನಿರು ಎಂದಳು. ಕೊನೆಯ ದೃಶ್ಯದಲ್ಲಿ ಒಂದೂ ಮಾತಿಲ್ಲ. ತಾಯಿ ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಾಳೆ, ಎರಡು ಕುರ್ಚಿ ಎಳೆಯುತ್ತಾಳೆ, ಬಾಗಿಲು ತೆಗೆದು ಬಂದು ಕೂರುತ್ತಾಳೆ. ಬೆಳಕು ಬಾಗಿಲ ಮೇಲೆ ಮಾತ್ರ ಉಳಿಯುತ್ತದೆ. ಬಹಳ ಹೊತ್ತು ಹಾಗೇ. ಯಾರೂ ಬರುವುದಿಲ್ಲ. ಪರದೆ. ನಾನು ತಟ್ಟೆ, ಕುರ್ಚಿ, ಬಾಗಿಲು ಎಲ್ಲ ಹೇಳಿದೆ. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು.

‘ಬಂದನೇನೇ?’ ಎಂದಳು.

ಇಲ್ಲ ಎನ್ನಲು ಎರಡು ಅಕ್ಷರ ಸಾಕು. ಅಷ್ಟು ಹೇಳಲು ನನ್ನ ಕೈಯಲ್ಲಿ ಆಗಲಿಲ್ಲ ಗುಂಡಾ. ಬಂದ ಎಂದೆ. ಹೇಗಿದ್ದಾನೆ ಎಂದಳು. ಸೊರಗಿದ್ದಾನೆ, ಹೆಗಲಿಗೆ ಚೀಲ ಹಾಕಿದ್ದಾನೆ, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದಾನೆ ಎಂದೆ. ಖಾಲಿ ಬಾಗಿಲನ್ನು ನೋಡುತ್ತಾ ನಾನು ನಿನ್ನನ್ನೇ ವರ್ಣಿಸಿದೆ. ಪರದೆ ಬಿದ್ದಾಗ ಅವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಬೆಂಚಿನ ಮೇಲೆ ಮೊದಲು ಮಾತಾಡುವವಳು ಯಾವಾಗಲೂ ಅವಳೇ. ಸುಖಾಂತ್ಯ ಎಂದರೆ ಮೂಗು ಮುರಿಯುವವಳು ಆ ದಿನ, ಹುಡುಗ ಬಾಗಿಲಲ್ಲಿ ನಿಂತದ್ದು ಬಹಳ ಚೆನ್ನಾಗಿತ್ತು, ನೇರ ಒಳಗೆ ಬಂದಿದ್ದರೆ ಕೆಟ್ಟುಹೋಗುತ್ತಿತ್ತು ಎಂದಳು. ಮೇಷ್ಟ್ರ ಲೋಟ ತುಟಿಯ ಹತ್ತಿರವೇ ನಿಂತಿತು. ನನ್ನ ಮುಖ ನೋಡಿದರು. ನಾನು ಕೈ ಮುಗಿದೆ. ಅರ್ಧ ಮಾರ್ಕಿಗೆ ಮಕ್ಕಳನ್ನು ಅಳಿಸುತ್ತಿದ್ದ ಮನುಷ್ಯ ಗಂಟಲು ಸರಿಮಾಡಿಕೊಂಡು, ಹೌದು, ಹುಡುಗ ಚೆನ್ನಾಗಿ ನಿಂತ ಎಂದರು. ಕಾಂಪೌಂಡರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವನ ಕಣ್ಣಲ್ಲಿ ನೀರಿತ್ತು ಎಂದುಬಿಟ್ಟರು. ಹತ್ತೊಂಬತ್ತು ವರ್ಷದಲ್ಲಿ ಆ ಬೆಂಚಿನ ಮೇಲೆ ಹೇಳಿದ ಮೊದಲ ಸುಳ್ಳು ಅದು. ಮೂವರೂ ಸೇರಿ ಹೇಳಿದೆವು.

ಎರಡನೇ ಶನಿವಾರವೂ ಹೋಗೋಣ ಎಂದಳು. ಒಂದೇ ನಾಟಕವನ್ನು ಅವಳು ಎರಡು ಸಲ ನೋಡಿದವಳಲ್ಲ. ಆ ಸಲ ಅವಳ ಪ್ರಶ್ನೆಗಳು ಜಾಸ್ತಿಯಾದವು. ಕೂತನಾ, ಊಟ ಮಾಡಿದನಾ, ಅಮ್ಮನ ಮುಖ ನೋಡಿದನಾ. ನಾನೂ ಕೊಡುತ್ತಾ ಹೋದೆ. ಒಂದು ಮನಸ್ಸಿಗೆ ಪಾಪ ಮಾಡುತ್ತಿದ್ದೇನೆ ಎನ್ನಿಸುತ್ತಿತ್ತು, ಇನ್ನೊಂದಕ್ಕೆ ಹೇಳುತ್ತಲೇ ಇರೋಣ ಎನ್ನಿಸುತ್ತಿತ್ತು. ಮನೆಗೆ ಬಂದು ಅವಳು ನಿನ್ನ ಕೋಣೆಯ ಕಿಟಕಿ ತೆಗೆಸಿದಳು, ಹಾಸಿಗೆ ಬಿಸಿಲಿಗೆ ಹಾಕಿಸಿದಳು. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಿನ್ನೆ ಮೂರನೇ ಶನಿವಾರ. ಕೊನೆಯ ದೃಶ್ಯ ಬಂದಾಗ ಅವಳು ಏನೂ ಕೇಳಲಿಲ್ಲ. ನಾನೇ ಬಗ್ಗಿ ಬಂದ ಎಂದು ಶುರುಮಾಡಿದೆ. ನನ್ನ ಕೈ ಮೇಲೆ ಕೈಯಿಟ್ಟು ತಟ್ಟಿದಳು, ಸಾಕು ಎನ್ನುವ ಹಾಗೆ. ಬೆಂಚಿನ ಮೇಲೆ ಚಹಾ ಬಿಸಿಯಿದೆ ಎಂದಷ್ಟೇ ಹೇಳಿದಳು. ಮನೆಗೆ ನಡೆದು ಬರುವಾಗ, ಬೇಕರಿಯ ತಿರುವು ದಾಟಿದ ಮೇಲೆ, ನನ್ನ ತೋಳು ಹಿಡಿದುಕೊಂಡೇ ಮಾತು ತೆಗೆದಳು. ‘ಆ ಸ್ಟೇಜಿನ ಹಲಗೆ ಮೇಲೆ ಬೆಕ್ಕು ನಡೆದರೂ ಸದ್ದಾಗುತ್ತೆ ಕಣೇ. ಬಾಗಿಲು ತೆಗೆದ ಮೇಲೆ ಒಂದು ಹೆಜ್ಜೆ ಸದ್ದೂ ಇಲ್ಲ. ಮೊದಲನೇ ದಿನವೇ ನಂಗೆ ಗೊತ್ತಾಯ್ತು.’ ಮತ್ತೆ ಯಾಕೆ ಕೇಳುತ್ತಿದ್ದೆ ಅಕ್ಕಾ ಎಂದೆ. ‘ಬಂದ ಅಂತ ಯಾರಾದರೂ ಹೇಳಿದರೆ ಹೇಗಿರುತ್ತೆ ಅಂತ ಕೇಳೋಣ ಅನ್ನಿಸ್ತು. ಚೆನ್ನಾಗಿರುತ್ತೆ’ ಎಂದಳು. ನಾನು ಬೀದಿಯಲ್ಲೇ ಅತ್ತೆ. ಅವಳು ಅಳಲಿಲ್ಲ. ಪಾಪ ಮೇಷ್ಟ್ರು ನನಗೋಸ್ಕರ ಸುಳ್ಳು ಹೇಳಿದ್ದಾರೆ, ನನಗೆ ಗೊತ್ತಾಗಿದೆ ಎಂದು ಅವರಿಗೆ ಹೇಳಬೇಡ, ನಾಚಿಕೊಳ್ಳುತ್ತಾರೆ ಎಂದು ಸಮಾಧಾನವಾಗಿ ಹೇಳಿದಳು.

ಚಪ್ಪಲಿ ಬಿಡುವಾಗ ಇನ್ನೊಂದು ಮಾತು ಹೇಳಿದಳು. ಅದನ್ನು ಒಂದಕ್ಷರ ಬದಲಿಸದೆ ಬರೆಯುತ್ತಿದ್ದೇನೆ, ಯಾಕೆಂದರೆ ಆರು ವರ್ಷದಲ್ಲಿ ಆ ಜಗಳದ ಬಗ್ಗೆ ಅವಳು ಬಾಯಿ ಬಿಟ್ಟದ್ದು ಇದೊಂದೇ ಸಲ. ‘ಅವನ ನಾಟಕ ಚೆನ್ನಾಗಿರಲಿಲ್ಲ. ಅದು ಈಗಲೂ ನಿಜ. ಆದರೆ ನಾನು ಅದನ್ನ ಮನೆಗೆ ಬಂದು ಹೇಳಬೇಕಿತ್ತು, ಊಟಕ್ಕೆ ಬಡಿಸಿ ಹೇಳಬೇಕಿತ್ತು.’ ನಗಬೇಕೋ ಅಳಬೇಕೋ ಹೇಳು. ಕ್ಷಮೆ ಕೇಳುವಾಗಲೂ ನಾಟಕ ಚೆನ್ನಾಗಿತ್ತು ಎನ್ನಲು ನಾಲಿಗೆ ಹೊರಳುವುದಿಲ್ಲ ನಿನ್ನ ಅಮ್ಮನಿಗೆ. ಆದರೆ ಇದು ಕ್ಷಮೆಯೇ ಗುಂಡಾ. ಅವಳಿಗೆ ಗೊತ್ತಿರುವುದು ಇಷ್ಟೇ. ಹೊಟ್ಟೆಗೆ ಹಾಕಿಕೋ.

ನೀನು ಅಲ್ಲಿ ಏನು ಮಾಡುತ್ತಿದ್ದೀಯೋ, ಜೊತೆಗೆ ಯಾರಿದ್ದಾರೋ, ನಮಗೆ ಒಂದೂ ಗೊತ್ತಿಲ್ಲ. ಮದುವೆಯಾಗಿದ್ದರೆ ಅವಳಿಗೂ ನನ್ನ ಪ್ರೀತಿ ಹೇಳು. ಮೇಷ್ಟ್ರು, ಕಾಂಪೌಂಡರು ಇಬ್ಬರೂ ನಿನ್ನನ್ನು ಕೇಳುತ್ತಿರುತ್ತಾರೆ. ಎಲ್ಲಿದ್ದರೂ ನಿನ್ನ ಮೈ ಮನಸ್ಸು ಎರಡೂ ನೆಮ್ಮದಿಯಾಗಿರಲಿ, ಕೈಗೆ ಹಿಡಿದ ಕೆಲಸ ಹೂವಿನ ಹಾಗೆ ಸಾಗಲಿ.

ನಿನ್ನ ದಾರಿ ನೋಡುತ್ತಿರುವ
ಚಿಕ್ಕಮ್ಮ

ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ: ಹೊಸ ಸ್ಕ್ಯಾನಿನಲ್ಲಿ ಅಕ್ಕನ ತಲೆಯೊಳಗೆ ಗಡ್ಡೆ ಕಂಡಿದೆ. ಇಷ್ಟು ದಿನ ನರ ಒತ್ತುತ್ತಿದ್ದದ್ದು ಅದೇ. ಇಪ್ಪತ್ತನೇ ತಾರೀಖು ಗುರುವಾರ ಬೆಳಗ್ಗೆ ಆಪರೇಷನ್. ಆಮೇಲೆ ಏಳುತ್ತಾಳೋ ಇಲ್ಲವೋ ಡಾಕ್ಟರಿಗೂ ಭರವಸೆಯಿಲ್ಲ. ಮೊನ್ನೆ ಶುಕ್ರವಾರ ಒಪ್ಪಿಗೆ ಪತ್ರ ಕೊಟ್ಟರು. ನಾನು ಬೆರಳು ಹಿಡಿದು ಜಾಗ ತೋರಿಸಿದೆ, ಅವಳು ಸಹಿ ಹಾಕಿದಳು. ಅದರ ಕೆಳಗೆ ಹತ್ತಿರದ ಸಂಬಂಧಿಯ ಸಹಿಗೆ ಜಾಗ. ನಾನು ಪೆನ್ನು ತೆಗೆದುಕೊಂಡರೆ, ಮಗ ಇದ್ದಾನೆ, ಅವನು ಹಾಕುತ್ತಾನೆ ಎಂದು ನರ್ಸಿಗೆ ಹೇಳಿ ಕಾಗದ ಮಡಚಿಸಿ ಮನೆಗೆ ತಂದುಬಿಟ್ಟಳು. ಆಪರೇಷನ್ನಿನ ಹಿಂದಿನ ದಿನ, ಬುಧವಾರ ಸಂಜೆ ಐದರೊಳಗೆ ಅದು ಆಸ್ಪತ್ರೆಗೆ ತಲುಪಬೇಕಂತೆ. ನಾಲ್ಕೂವರೆಯವರೆಗೆ ನಾನು ಅದಕ್ಕೆ ಸಹಿ ಹಾಕುವುದಿಲ್ಲ.